ಮಿನಿಯೇಚರ್ ಬೇಸಿಗೆ ಯಾವ ಬಿಳಿ ಗಮ್? ಕಡಿಮೆ ದುಡ್ಡಲ್ಲಿ ಸರಿಯಾದ್ದನ್ನು ಆರಿಸೋದು ಹೇಗೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಅಲ್ಲಲ್ಲಿ ಬಿಟ್ಟುಹೋಗಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ವಿಡಿಯೋ ಕೇಳಿಸದವರು ಇದನ್ನು ಓದಿದರೆ ಸಾಕು.

ವಿಷಯ ತುಂಬಾ ಸಣ್ಣದು: ಬಿಳಿ ಗಮ್. ಶಾಲೆಯಲ್ಲಿ ಕ್ರಾಫ್ಟ್ ಪೀರಿಯಡ್ಡಿಗೆ ತಗೊಂಡು ಹೋಗ್ತಿದ್ವಲ್ಲ, ಬಡಗಿಗಳು ಡಬ್ಬಿಗಟ್ಟಲೆ ಬಳಸ್ತಾರಲ್ಲ, ಅದೇ. ನಮ್ಮ ಹವ್ಯಾಸಕ್ಕೆ ಬಂದ ಹೊಸಬರು ಅತಿ ಹೆಚ್ಚು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. "ಅಣ್ಣ, ವಿದೇಶದ ಬ್ರ್ಯಾಂಡಿನ ಬೇಸಿಂಗ್ ಗ್ಲೂ ತಗೊಳ್ಲೇಬೇಕಾ, ಇಲ್ಲಿನ ಅಂಗಡಿಯಲ್ಲಿ ಸಿಗೋದು ಸಾಕಾ?" ಅಂತ. ಒಂದೇ ಸಾಲಿನ ಉತ್ತರ ಬೇಕಾದ್ರೆ: ಸಾಕು. ಆದರೆ ಆ ಒಂದು ಸಾಲು ನನಗೆ ಗೊತ್ತಾಗಿದ್ದು ಒಂದು ಕೆಲಸ ಪೂರ್ತಿ ಹಾಳಾದ ಮೇಲೆ. ಅದನ್ನೇ ಮೊದಲು ಹೇಳ್ತೀನಿ.

ನನ್ನ ಅಪ್ಪಯ್ಯ ಕುಂದಾಪುರದ ಕಡೆಯವರು. ಮೂವತ್ತು ವರ್ಷದ ಮೇಲೆ ಅಂಧೇರಿಯ ಒಂದು ಉಡುಪಿ ಹೋಟೆಲಿನಲ್ಲಿದ್ದರು, ಕೊನೆಯ ಹತ್ತು ಹದಿನೈದು ವರ್ಷ ಗಲ್ಲೆಯಲ್ಲಿ. ಅವರು ಕೆಲಸ ಬಿಡುವಾಗ ಏನಾದರೂ ಕೊಡಬೇಕು ಅಂತ ನಾನು ಆ ಹೋಟೆಲಿನ ಒಂದು ಮೂಲೆಯನ್ನೇ ಸಣ್ಣದಾಗಿ ಮಾಡಿದೆ. ಗಲ್ಲೆ, ಅದರ ಹಿಂದೆ ಅಪ್ಪಯ್ಯ, ಪಕ್ಕದಲ್ಲಿ ಸೋಂಪಿನ ತಟ್ಟೆ, ಮುಂದೆ ಫುಟ್‌ಪಾತಿನ ಸ್ವಲ್ಪ ನೆಲ. ಅಪ್ಪಯ್ಯನ ಎತ್ತರ ಸುಮಾರು 30 ಮಿ.ಮೀ. ಮುಖಕ್ಕೆ ಬಣ್ಣ ಹಚ್ಚೋಕೇ ನಾಲ್ಕು ಭಾನುವಾರ ಹಿಡಿದಿತ್ತು. ನೆಲಕ್ಕೆ ಮರಳು ಅಂಟಿಸೋಕೆ ಅಂತ ದುಬಾರಿ ಬೆಲೆಯ ಆಮದು ಗಮ್ ತರಿಸಿದ್ದೆ. ಅಪ್ಪಯ್ಯನ ಕೆಲಸ ಅಲ್ವಾ, ಕಡಿಮೆ ದುಡ್ಡಿಂದು ಬೇಡ ಅಂತ.

ಮೇ ತಿಂಗಳಲ್ಲಿ ಕೊಟ್ಟಿದ್ದು. ಜುಲೈನಲ್ಲಿ ಡಬ್ಬಿ ತೆಗೆದು ನೋಡಿದರೆ ನೆಲ ಪೂರ್ತಿ ಎದ್ದು ಬಂದಿದೆ. ಚೂರು ಚೂರಾಗಿ ಉದುರಿದ್ದಲ್ಲ. ಕಾವಲಿಯಿಂದ ದೋಸೆ ಎದ್ದ ಹಾಗೆ ಒಂದೇ ಹಾಳೆಯಾಗಿ, ಅಂಚು ಮಡಚಿಕೊಂಡು. ಅದರ ಜೊತೆ ಅಪ್ಪಯ್ಯನೂ ಗಲ್ಲೆಯಿಂದ ವಾಲಿದ್ದರು. ನಿಜವಾದ ಅಪ್ಪಯ್ಯ ಕನ್ನಡಕ ಏರಿಸಿ ನೋಡಿ ಕೇಳಿದ್ದು ಇಷ್ಟೇ: "ದುಡ್ಡ್ ಕೊಟ್ರೆ ಸಾಕಾ ಮಗಾ? ಒಣ್ಗುಕೆ ಬಿಡ್ಕ್ ಅಲ್ದಾ?"

ಅವರು ತಮಾಷೆಗೆ ಅಂದಿದ್ದು. ಆದರೆ ಇಡೀ ವಿಷಯ ಆ ಮಾತಿನಲ್ಲೇ ಇದೆ. ಹೇಗೆ ಅಂತ ನೋಡೋಣ.

ಬೇಸಿಂಗ್ ಅಂದ್ರೆ ಏನು?

ಹೊಸಬರಿಗಾಗಿ ಎರಡು ಮಾತು. ವಾರ್‌ಹ್ಯಾಮರ್ ಥರದ ಆಟದ ಬೊಂಬೆ ಇರಲಿ, ತ್ರಿಡಿ ಪ್ರಿಂಟ್ ಮಾಡಿಸಿದ ಯಕ್ಷಗಾನದ ವೇಷ ಇರಲಿ, ಅದು ನಿಲ್ಲೋಕೆ ಕೆಳಗೆ ಒಂದು ಸಣ್ಣ ಬಿಲ್ಲೆ ಬೇಕು. ಅದು ಬೇಸ್. ಸಾಮಾನ್ಯವಾಗಿ 25 ಅಥವಾ 32 ಮಿ.ಮೀ. ಅಡ್ಡಳತೆಯ ಪ್ಲಾಸ್ಟಿಕ್ ಅಥವಾ ಎಂಡಿಎಫ್ ಬಿಲ್ಲೆ. ಅದರ ಮೇಲೆ ಮರಳು, ಸಣ್ಣ ಕಲ್ಲು, ಹುಲ್ಲು ಅಂಟಿಸಿ ನೆಲದ ಹಾಗೆ ಕಾಣಿಸೋದೇ ಬೇಸಿಂಗ್.

ಇದೇನು ಹೊರಗಿಂದ ಬಂದ ಹುಚ್ಚು ಅಂದ್ಕೋಬೇಡಿ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಹಂತದ ಕೆಳಗೆ ಪಾರ್ಕು, ಹಳ್ಳಿ, ಬೆಟ್ಟ ಮಾಡ್ತಾರಲ್ಲ, ರಾಗಿ ಮೊಳಕೆ ಬರಿಸಿ ಹೊಲ ತೋರಿಸ್ತಾರಲ್ಲ, ಅದೂ ಇದೇ ಕೆಲಸ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಮೈಸೂರಿನ ಒಬ್ಬರು ಅಜ್ಜಿ ಇದ್ದಾರೆ. ಪ್ರತಿ ನವರಾತ್ರಿಗೆ ರಟ್ಟಿನ ಮೇಲೆ ಮರಳು ಅಂಟಿಸಿ ರಸ್ತೆ ಮಾಡ್ತಾರೆ. ಮೊದಲೆಲ್ಲ ಮೈದಾ ಅಂಟು ಕುದಿಸಿ ಹಚ್ಚುತ್ತಿದ್ದರಂತೆ. ಮುಂಬೈಯ ಜಿರಳೆಗಳಿಗೆ ಅದು ಹಬ್ಬದೂಟ ಆಯ್ತು ಅಂತ ಬಿಳಿ ಗಮ್ಮಿಗೆ ಬಂದರು. ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ: ಅವರು ತರೋದು ಸ್ಟೇಷನರಿ ಅಂಗಡಿಯ ಸಾದಾ ಬಾಟಲಿ. ಅವರ ರಸ್ತೆ ಇವತ್ತಿನವರೆಗೆ ಎದ್ದು ಬಂದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಬಿಳಿ ಗಮ್ಮಿನ ಊರಲ್ಲೇ ನಾವಿರೋದು

ಬಿಳಿ ಗಮ್ಮಿನ ಮುಖ್ಯ ವಸ್ತು ಪಾಲಿವಿನೈಲ್ ಅಸಿಟೇಟ್. ಚಿಕ್ಕದಾಗಿ ಪಿವಿಎ. ಇದನ್ನು 1912ರಲ್ಲಿ ಜರ್ಮನಿಯ ಫ್ರಿಟ್ಜ್ ಕ್ಲಾಟೆ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದರು. ನಮ್ಮಲ್ಲಿ ಅದು ಮನೆಮಾತಾಗಿದ್ದು ಫೆವಿಕಾಲ್ ಹೆಸರಲ್ಲಿ, 1959ರಿಂದ. ಅದನ್ನು ತಂದವರು ಬಲವಂತ ಪಾರೇಖ್. ಗುಜರಾತಿನ ಮಹುವಾದಿಂದ ಮುಂಬೈಗೆ ಬಂದು ಕಾನೂನು ಓದಿ, ವಕೀಲಿಕೆ ಮಾಡದೆ, ಒಬ್ಬ ಮರದ ವ್ಯಾಪಾರಿಯ ಕಚೇರಿಯಲ್ಲಿ ಪ್ಯೂನ್ ಆಗಿ ದುಡಿದವರು. ಆ ಕಾಲದ ಬಡಗಿಗಳು ಬಳಸ್ತಿದ್ದದ್ದು ಸರೇಸು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು. ಪ್ರತಿ ಸಲ ಬಿಸಿ ಮಾಡಬೇಕು, ವಾಸನೆ ಬೇರೆ. ಡಬ್ಬಿ ತೆಗೆದು ಹಾಗೇ ಹಚ್ಚುವ ಬಿಳಿ ಅಂಟು ಬಂದಾಗ ಬಡಗಿಗಳಿಗೆ ಎಷ್ಟು ಸುಲಭವಾಯ್ತು ಅಂತ ಯೋಚಿಸಿ.

ಈ ಫೆವಿಕಾಲ್ ಮಾಡುವ ಪಿಡಿಲೈಟ್ ಕಂಪನಿಯ ಮುಖ್ಯ ಕಚೇರಿ ಇರೋದು ಅಂಧೇರಿ ಪೂರ್ವದಲ್ಲಿ. 1931ರಲ್ಲಿ ಶಾಯಿ ಮಾಡುವುದರಿಂದ ಶುರುವಾದ ಕ್ಯಾಮ್ಲಿನ್ ಕೂಡ ಅಂಧೇರಿ ಪೂರ್ವದ್ದೇ. ಅಂದರೆ ದೇಶದ ಮಕ್ಕಳ ಕಂಪಾಸ್ ಬಾಕ್ಸು, ಬಡಗಿಯ ಡಬ್ಬಿ ಎರಡಕ್ಕೂ ನಮ್ಮ ಏರಿಯಾದ ವಿಳಾಸವೇ. ಇಂಥ ಜಾಗದಲ್ಲಿ ಕೂತು ನಾನು ಸಮುದ್ರದಾಚೆಯಿಂದ ಬಿಳಿ ಗಮ್ ತರಿಸಿದ್ದೆ. ಅಪ್ಪಯ್ಯನಿಗೆ ಇದನ್ನು ಹೇಳಿಲ್ಲ, ನೀವೂ ಹೇಳ್ಬೇಡಿ.

ಇದು ಒಣಗೋದು ಹೇಗೆ?

ಹಾಲಲ್ಲಿ ಕೊಬ್ಬಿನ ಸಣ್ಣ ಕಣಗಳು ನೀರಲ್ಲಿ ತೇಲುತ್ತಿರುತ್ತವಲ್ಲ, ಬಿಳಿ ಗಮ್ಮೂ ಹಾಗೇ. ಪಿವಿಎ ಕಣಗಳು ನೀರಲ್ಲಿ ತೇಲುತ್ತಿರುತ್ತವೆ. ಬಿಳಿ ಬಣ್ಣ ಬರೋದು ಅದರಿಂದಲೇ, ಕಣಗಳು ಬೆಳಕನ್ನು ಚದುರಿಸುತ್ತವೆ. ಹಚ್ಚಿದ ಮೇಲೆ ನೀರು ಹೊರಗೆ ಹೋಗುತ್ತೆ. ಒಂದು ಭಾಗ ಗಾಳಿಗೆ, ಇನ್ನೊಂದು ಭಾಗ ಕೆಳಗಿನ ಮರ ಅಥವಾ ರಟ್ಟಿನ ಒಳಗೆ. ಆಗ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ತೆಳ್ಳಗಿನ ಪಾರದರ್ಶಕ ಪೊರೆ ಆಗುತ್ತವೆ. ಆ ಪೊರೆಯೇ ನಮ್ಮ ಮರಳನ್ನು ಹಿಡಿದಿಡೋದು.

ಇದರಿಂದ ಮೂರು ಮಾತು ತಿಳಿಯುತ್ತೆ. ಇವನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಯಾರೂ ನಿಮಗೆ ಟೋಪಿ ಹಾಕಲಾರರು.

ಒಂದು, ನೀವು ದುಡ್ಡು ಕೊಡೋದು ನೀರಿಗೂ ಸೇರಿ. ಬಡಗಿ ಕೆಲಸದ ಗಮ್ಮಿನಲ್ಲೂ ಅರ್ಧದಷ್ಟು ನೀರೇ. ತೆಳ್ಳಗಿನ ಗಮ್ಮಿನಲ್ಲಿ ಇನ್ನೂ ಜಾಸ್ತಿ. ಕೊನೆಗೆ ಬೇಸಿನ ಮೇಲೆ ಉಳಿಯೋದು ಒಣಗಿದ ಭಾಗ ಮಾತ್ರ.

ಎರಡು, ನೀರು ಹೋಗೋಕೆ ದಾರಿ ಬೇಕು. ಮರ, ರಟ್ಟು, ಎಂಡಿಎಫ್ ನೀರನ್ನು ಕುಡಿಯುತ್ತವೆ, ಪೊರೆಯೂ ಅವುಗಳ ನಾರಿನೊಳಗೆ ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳುತ್ತೆ. ನುಣುಪಾದ ಪ್ಲಾಸ್ಟಿಕ್ಕು, ಅಕ್ರಿಲಿಕ್ ಶೀಟು, ಲೋಹ ಕುಡಿಯೋದೂ ಇಲ್ಲ, ಹಿಡಿಯೋಕೆ ಜಾಗವನ್ನೂ ಕೊಡೋದಿಲ್ಲ. ಅಜ್ಜಿಯ ರಸ್ತೆ ನಿಂತಿದ್ದು ಅದು ರಟ್ಟಿನ ಮೇಲಿದ್ದದ್ದಕ್ಕೆ. ನಾನು ಅಪ್ಪಯ್ಯನ ಗಲ್ಲೆಗೆ ಬಳಸಿದ್ದು ಬೋರ್ಡ್ ಅಂಗಡಿಯ ಹೊಳೆಯುವ ಅಕ್ರಿಲಿಕ್.

ಮೂರು, ಹೋದ ನೀರು ವಾಪಸ್ಸು ಬಂದರೆ ಸಾದಾ ಬಿಳಿ ಗಮ್ ಮತ್ತೆ ಮೆತ್ತಗಾಗುತ್ತೆ. ಜುಲೈ ತಿಂಗಳ ಮುಂಬೈಯಲ್ಲಿ ಗಾಳಿಯ ತೇವ ಸಾಮಾನ್ಯವಾಗಿ ಶೇಕಡಾ 80 ದಾಟಿರುತ್ತೆ. ಹಪ್ಪಳ ಮೆತ್ತಗಾಗುವ ಗಾಳಿಯಲ್ಲಿ ಗಮ್ ಗಟ್ಟಿ ಇರಬೇಕು ಅಂದ್ರೆ ನಾವೇ ಏನಾದ್ರೂ ಮಾಡಬೇಕು.

ಅಂಗಡಿಯಲ್ಲಿ ಏನೇನು ಸಿಗುತ್ತೆ?

ಸ್ಟೇಷನರಿ ಅಂಗಡಿಯ ಒತ್ತುವ ಬಾಟಲಿ. ಫೆವಿಕಾಲ್ ಎಂಆರ್ ಇದರಲ್ಲಿ ಎಲ್ಲರಿಗೂ ಗೊತ್ತಿರೋದು. ಕಾಗದ, ರಟ್ಟು, ಕ್ರಾಫ್ಟಿಗೆ ಅಂತಲೇ ಇದೆ. ಮೂತಿ ಸಣ್ಣದು, ಹಚ್ಚೋದು ಸುಲಭ, ಎಲ್ಲ ಗಲ್ಲಿಯಲ್ಲೂ ಸಿಗುತ್ತೆ. ಹತ್ತು ಹನ್ನೆರಡು ಬೊಂಬೆ ಇರುವವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

ಹಾರ್ಡ್‌ವೇರ್ ಅಂಗಡಿಯ ಬಡಗಿ ಗಮ್. ಫೆವಿಕಾಲ್ ಎಸ್‌ಎಚ್ ಮತ್ತು ಅದರ ಸಾಲಿಗೆ ಸೇರಿದ ಬೇರೆ ಕಂಪನಿಗಳದ್ದು. ದಪ್ಪ ಇರುತ್ತೆ, ಒಣಗಿದ ಮೇಲೆ ಉಳಿಯುವ ಭಾಗ ಹೆಚ್ಚು. ದೊಡ್ಡ ಕಲ್ಲಿನ ಚೂರು, ತೊಗಟೆ, ಕಾರ್ಕ್ ಅಂಟಿಸೋಕೆ ಇದು ಒಳ್ಳೆಯದು. ದಪ್ಪ ಆದ್ರೆ ಸ್ವಲ್ಪ ನೀರು ಬೆರೆಸಿಕೊಳ್ಳಬಹುದು. ತೆಳ್ಳಗಿನದನ್ನು ದಪ್ಪ ಮಾಡೋಕೆ ಆಗಲ್ಲ. ನನ್ನ ಮೇಜಿನ ಮೇಲೆ ಈಗ ಇರೋದು ಇದೇ.

ನೀರು ತಡೆಯುವ ಬಡಗಿ ಗಮ್. ಫೆವಿಕಾಲ್ ಮರೀನ್ ಈ ಜಾತಿಯದು. ಅಡಿಗೆಮನೆ ಕಪಾಟು, ಬಾತ್‌ರೂಮ್ ಬಾಗಿಲಿಗೆ ಬಳಸೋದು. ಬೆಲೆ ಸ್ವಲ್ಪ ಜಾಸ್ತಿ. ಬೇಸಿಗೆ ಇದು ಬೇಕೇ ಬೇಕು ಅಂತಿಲ್ಲ, ಯಾಕಂದ್ರೆ ನಾವು ಮೇಲೆ ಬಣ್ಣ, ವಾರ್ನಿಶ್ ಹಚ್ಚಿ ಮುಚ್ಚುತ್ತೇವೆ. ಆದರೆ ಸೋರುವ ಗೋಡೆಯ ಪಕ್ಕ ಕಪಾಟು ಇದ್ದವರು, ಹೇಗೂ ಡಬ್ಬಿ ತಗೊಳ್ಳೋದೇ ಆದರೆ, ಇದನ್ನು ತಗೊಂಡರೆ ನಷ್ಟವಿಲ್ಲ.

ಮಕ್ಕಳ ತೊಳೆದರೆ ಹೋಗುವ ಗಮ್. ಬಾಟಲಿ ಮೇಲೆ "ತೊಳೆಯಬಹುದು" ಅಂತ ಬರೆದಿರುತ್ತೆ. ಬಟ್ಟೆಯಿಂದ ಸುಲಭವಾಗಿ ಹೋಗಲಿ ಅಂತಲೇ ಮಾಡಿದ್ದು. ಬಟ್ಟೆಯಿಂದ ಹೋಗೋದು ಬೇಸಿನಿಂದಲೂ ಹೋಗುತ್ತೆ. ಬೇಡ.

ಬ್ರ್ಯಾಂಡಿಲ್ಲದ ಲೂಸ್ ಗಮ್. ಕೆಲವು ಚೆನ್ನಾಗಿರುತ್ತವೆ, ಕೆಲವದರಲ್ಲಿ ಸುಣ್ಣಪುಡಿಯಂಥದ್ದನ್ನು ಬೆರೆಸಿ ದಪ್ಪ ಮಾಡಿರುತ್ತಾರೆ. ಪರೀಕ್ಷೆ ಮಾಡದೆ ತಗೋಬೇಡಿ. ಪರೀಕ್ಷೆ ಹೇಗೆ ಅಂತ ಮುಂದೆ ಹೇಳ್ತೀನಿ.

ಇನ್ನು ಹವ್ಯಾಸದ ಅಂಗಡಿಯ ಆಮದು ಬಾಟಲಿ. ಒಳಗಿರೋದು ಹೆಚ್ಚಾಗಿ ಇದೇ ಪಿವಿಎ. ಮೂತಿ ಚೆನ್ನಾಗಿರುತ್ತೆ, ಕೆಲವದಕ್ಕೆ ಬ್ರಷ್ ಕೊಟ್ಟಿರ್ತಾರೆ. ಹೆಚ್ಚಿನ ದುಡ್ಡು ಹೋಗೋದು ಹಡಗಿಗೆ, ಲೇಬಲ್ಲಿಗೆ.

ಸ್ವಲ್ಪ ಲೆಕ್ಕ

"ಕಡಿಮೆ ಬೆಲೆ" ಅಂದ್ರೆ ಏನು ಅಂತ ಲೆಕ್ಕ ಹಾಕೋಣ. ಇಲ್ಲಿನ ಬೆಲೆಗಳು ಲೆಕ್ಕ ತೋರಿಸೋಕೆ ಮಾತ್ರ, ಅಂಗಡಿಯ ಬೆಲೆ ಅಲ್ಲ. 100 ಗ್ರಾಂ ಬಾಟಲಿಗೆ 50 ರೂಪಾಯಿ, ಒಣಗಿದ ಮೇಲೆ ಉಳಿಯೋದು 30 ಗ್ರಾಂ ಅಂತ ಇಟ್ಕೊಳ್ಳಿ. ಒಣ ಗಮ್ಮಿನ ಒಂದು ಗ್ರಾಮಿಗೆ ಸುಮಾರು 1 ರೂಪಾಯಿ 67 ಪೈಸೆ ಬಿತ್ತು. 500 ಗ್ರಾಂ ಡಬ್ಬಿಗೆ 150 ರೂಪಾಯಿ, ಉಳಿಯೋದು ನೂರಕ್ಕೆ 45 ಅಂದ್ರೆ ಒಟ್ಟು 225 ಗ್ರಾಂ. ಗ್ರಾಮಿಗೆ 67 ಪೈಸೆ. ಡಬ್ಬಿಯೇ ಲಾಭ ಅಲ್ವಾ?

ತಡೀರಿ. ಒಂದು ಬೇಸಿಗೆ ಎಷ್ಟು ಗಮ್ ಬೇಕು? 32 ಮಿ.ಮೀ. ಬೇಸಿನ ವಿಸ್ತೀರ್ಣ ಸುಮಾರು 8 ಚದರ ಸೆಂ.ಮೀ. ಮೂರನೇ ಒಂದು ಮಿಲಿಮೀಟರಿನಷ್ಟು ದಪ್ಪ ಹಚ್ಚಿದರೆ ಕಾಲು ಗ್ರಾಂ ಚಿಲ್ಲರೆ. ಬ್ರಷ್ಷಿಗೆ ಅಂಟಿದ್ದು, ಮುಚ್ಚಳದಲ್ಲಿ ಒಣಗಿದ್ದು ಎಲ್ಲ ಸೇರಿಸಿ ಅರ್ಧ ಗ್ರಾಂ ಅನ್ನಿ. 100 ಗ್ರಾಂ ಬಾಟಲಿಯಲ್ಲಿ ಇನ್ನೂರು ಬೇಸ್ ಆಗುತ್ತೆ! ಆ 50 ರೂಪಾಯಿ ಬಾಟಲಿಯ ಲೆಕ್ಕದಲ್ಲೂ ಬೇಸಿಗೆ 25 ಪೈಸೆ. ನಮ್ಮಲ್ಲಿ ಎಷ್ಟು ಜನ ಇನ್ನೂರು ಬೊಂಬೆ ಮುಗಿಸಿದ್ದೀವಿ? ಕೈ ಎತ್ತಿ ನೋಡೋಣ.

ಹಾಗಾಗಿ ಗ್ರಾಮಿಗೆ ಕಡಿಮೆ ಬೀಳುತ್ತೆ ಅಂತ ಕಿಲೋ ಡಬ್ಬಿ ತರೋದು ಉಳಿತಾಯ ಅಲ್ಲ. ಪದೇ ಪದೇ ತೆಗೆದ ಡಬ್ಬಿಯಲ್ಲಿ ಮೇಲೆ ಕೆನೆಗಟ್ಟುತ್ತೆ, ಗಂಟು ಬರುತ್ತೆ, ಒಮ್ಮೊಮ್ಮೆ ಬೂಷ್ಟು ಹಿಡಿದು ವಾಸನೆ ಬರುತ್ತೆ. ಮುಕ್ಕಾಲು ಡಬ್ಬಿ ಕಸಕ್ಕೆ ಹೋದರೆ ಅದೇ ದುಬಾರಿ. ಬಡಗಿ ಗಮ್ಮಿನ ಅತಿ ಸಣ್ಣ ಪ್ಯಾಕ್ ಕೇಳಿ. ತಯಾರಾದ ತಿಂಗಳು ನೋಡಿ, ಹೊಸದು ತಗೊಳ್ಳಿ. ಇಲ್ಲವೇ ನಾಲ್ಕು ಜನ ಗೆಳೆಯರು ಸೇರಿ ಒಂದು ಡಬ್ಬಿ ಹಂಚಿಕೊಳ್ಳಿ, ಬಿಗಿ ಮುಚ್ಚಳದ ಸಣ್ಣ ಬಾಟಲಿಗೆ ತುಂಬಿಡಿ.

ಮನೆಯಲ್ಲೇ ನಾಲ್ಕು ಪರೀಕ್ಷೆ

ಹೊಸ ಗಮ್ ತಂದರೆ ಒಳ್ಳೆ ಬೊಂಬೆಗೆ ನೇರವಾಗಿ ಹಚ್ಚಬೇಡಿ. ಮೊದಲು ಇದನ್ನು ಮಾಡಿ.

ತೂಕದ ಪರೀಕ್ಷೆ. ಒಡವೆ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಬಾಟಲಿ ಮುಚ್ಚಳವೊಂದನ್ನು ತೂಗಿ, ಅದರಲ್ಲಿ 5 ಗ್ರಾಂ ಗಮ್ ಹಾಕಿ, ತೆಳ್ಳಗೆ ಹರಡಿ. ಪೂರ್ತಿ ಒಣಗಲು ದಿನಗಟ್ಟಲೆ ಬಿಡಿ. ತೂಕ ಇಳಿಯೋದು ನಿಂತ ಮೇಲೆ ನೋಡಿ. 2 ಗ್ರಾಮಿಗಿಂತ ಜಾಸ್ತಿ ಉಳಿದರೆ ಒಳ್ಳೆಯದು. 1 ಗ್ರಾಂ ಮಾತ್ರ ಉಳಿದರೆ ನೀವು ಕೊಂಡಿದ್ದು ಹೆಚ್ಚಾಗಿ ನೀರು.

ಬಣ್ಣದ ಪರೀಕ್ಷೆ. ಬರೀ ತೂಕ ನಂಬಬೇಡಿ, ಸುಣ್ಣಪುಡಿಯೂ ತೂಗುತ್ತೆ! ಕಪ್ಪು ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಹಚ್ಚಿ ಒಣಗಿಸಿ. ಗಾಜಿನ ಹಾಗೆ ಅಥವಾ ಸ್ವಲ್ಪ ಮಂಜಾಗಿ ಆದರೆ ಸರಿ. ಬಿಳಿಯಾಗೇ ಉಳಿದರೆ ಒಳಗೆ ಏನೋ ಪುಡಿ ಬೆರೆತಿದೆ.

ಬಾಗಿಸುವ ಪರೀಕ್ಷೆ. ಆ ಒಣ ಪೊರೆಯನ್ನು ಉಗುರಿನಿಂದ ಎಬ್ಬಿಸಿ ಮಡಚಿ. ಮಡಚಿಕೊಂಡರೆ ಒಳ್ಳೆಯದು. ಚಟ್ ಅಂತ ಮುರಿದು ಪುಡಿಯಾದರೆ ಬೇಸ್ ಕೆಳಗೆ ಬಿದ್ದಾಗ ಮರಳೂ ಉದುರುತ್ತೆ.

ನೀರಿನ ಪರೀಕ್ಷೆ. ರಟ್ಟಿನ ಮೇಲೆ ಮರಳು ಅಂಟಿಸಿ, ಎರಡು ದಿನ ಒಣಗಿಸಿ, ಒಂದು ಹನಿ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಬೆರಳಿಂದ ಉಜ್ಜಿ. ಸ್ವಲ್ಪ ಬೆಳ್ಳಗಾಗೋದು ಸಹಜ. ಹಾಲಾಗಿ ಕರಗಿ ಬೆರಳಿಗೆ ಬಂದರೆ ಮಳೆಗಾಲದ ಕೆಲಸಕ್ಕೆ ಆಗಲ್ಲ.

ಇಷ್ಟಕ್ಕೆ ಖರ್ಚಾಗೋದು ಒಂದು ಚಮಚ ಗಮ್ಮು, ಮೂರು ನಾಲ್ಕು ದಿನದ ತಾಳ್ಮೆ.

ಹಚ್ಚೋದು ಹೇಗೆ

ಗಮ್ ಎಷ್ಟೇ ಒಳ್ಳೆಯದಾದರೂ ಹಚ್ಚೋದು ಸರಿ ಇಲ್ಲದಿದ್ದರೆ ಅಪ್ಪಯ್ಯನ ಗಲ್ಲೆಯ ಕಥೆಯೇ.

ಪ್ಲಾಸ್ಟಿಕ್ ಬೇಸ್ ಆದರೆ ಪಾತ್ರೆ ಸೋಪಿನಲ್ಲಿ ತೊಳೆದು, ಒರೆಸಿ, ಮೇಲ್ಮೈಯನ್ನು ಕಟ್ಟರಿನಿಂದ ಅಡ್ಡಡ್ಡ ಉದ್ದುದ್ದ ಗೀರಿ. ಮರಳುಕಾಗದದಿಂದ ಉಜ್ಜಿದರೂ ಸರಿ. ಆ ಗೀರುಗಳೇ ಪೊರೆಗೆ ಹಿಡಿತ. ಎಂಡಿಎಫ್ ಆದರೆ ಗೀರುವುದು ಬೇಡ, ಆದರೆ ತೆಳ್ಳಗಿನ ಎಂಡಿಎಫ್ ಮತ್ತು ರಟ್ಟು ಒಂದೇ ಕಡೆ ಒದ್ದೆಯಾದರೆ ಬಾಗುತ್ತೆ. ಗಮ್ ಒಣಗುವಾಗ ಕುಗ್ಗಿ ಎಳೆಯುತ್ತೆ ಕೂಡ. ಕೆಳಗಿನ ಮೈಗೂ ತೆಳ್ಳಗೆ ಒಂದು ಕೈ ಗಮ್ ಹಚ್ಚಿಬಿಡಿ, ಎರಡೂ ಕಡೆಯ ಎಳೆತ ಸಮ ಆಗುತ್ತೆ.

ಮರಳು. ವರ್ಸೋವಾ, ಜುಹು ಹತ್ತಿರ ಇದೆ ಅಂತ ಸಮುದ್ರದ ಮರಳು ತರಬೇಡಿ. ಅದರ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತೆ, ಗಮ್ ಸರಿಯಾಗಿ ಒಣಗಲ್ಲ, ಬಣ್ಣದ ಮೇಲೆ ಬಿಳಿ ಕಲೆ ಬರುತ್ತೆ. ಕಟ್ಟಡ ಕೆಲಸದ ಮರಳು ಒಂದು ಮುಷ್ಟಿ ಕೇಳಿ ತಂದು, ನೀರು ತಿಳಿಯಾಗುವವರೆಗೆ ತೊಳೆದು, ಬಿಸಿಲಲ್ಲೋ ಕಾವಲಿಯಲ್ಲೋ ಒಣಗಿಸಿ, ಹಳೇ ಟೀ ಸೋಸುವ ಜರಡಿಯಲ್ಲಿ ಸಾಣಿಸಿ. ಧೂಳಿದ್ದರೆ ಗಮ್ ಧೂಳಿಗೇ ಅಂಟುತ್ತೆ, ಬೇಸಿಗಲ್ಲ.

ಗಮ್ಮನ್ನು ಹಳೇ ಬ್ರಷ್ಷಿನಿಂದ ತೆಳ್ಳಗೆ ಹರಡಿ. ಬಡಗಿ ಗಮ್ಮಿಗೆ ನಾಲ್ಕು ಪಾಲಿಗೆ ಒಂದು ಪಾಲು ನೀರು ಬೆರೆಸಬಹುದು, ಮೊದಲ ಪದರಕ್ಕೆ ಅದಕ್ಕಿಂತ ಜಾಸ್ತಿ ಬೇಡ. ಮರಳಿನ ಡಬ್ಬಿಗೆ ಬೇಸನ್ನು ಅದ್ದಿ, ಎತ್ತಿ, ತಟ್ಟಿ, ಪಕ್ಕಕ್ಕಿಡಿ. ದಪ್ಪ ನೆಲ ಬೇಕಾದರೆ ಎರಡು ಸಲ ಮಾಡಿ, ನಡುವೆ ಒಣಗಲು ಬಿಡಿ. ಒಂದೇ ಸಲ ದಪ್ಪ ಹಚ್ಚಿದರೆ ಮೇಲೆ ಚರ್ಮ ಕಟ್ಟಿ ಒಳಗಿನ ನೀರು ಸಿಕ್ಕಿಹಾಕಿಕೊಳ್ಳುತ್ತೆ.

ಒಣಗೋಕೆ ಬೇಸಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಕನಿಷ್ಠ ಎರಡು ದಿನ. ಫ್ಯಾನ್ ಗಾಳಿ ಸಾಕು. ಎಸಿ ರೂಮಿದ್ದರೆ ಇನ್ನೂ ಒಳ್ಳೆಯದು, ಅದು ಗಾಳಿಯ ತೇವ ತೆಗೆಯುತ್ತೆ. ಡಬ್ಬಿಯಲ್ಲಿ ಮುಚ್ಚಿಡಬೇಡಿ.

ಆಮೇಲೆ ಮುದ್ರೆ. ಒಂದು ಪಾಲು ಗಮ್, ಮೂರು ಪಾಲು ನೀರು, ಒಂದೇ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಆ ಹನಿ ಇಲ್ಲದಿದ್ದರೆ ನೀರು ಮುತ್ತಿನಂತೆ ಮರಳ ಮೇಲೆ ನಿಲ್ಲುತ್ತೆ, ಇದ್ದರೆ ಸಂದುಗಳಿಗೆ ಇಳಿಯುತ್ತೆ. ಹನಿ ಹನಿಯಾಗಿ ಬಿಡಿ, ಉಜ್ಜಬೇಡಿ. ಮತ್ತೆ ಒಂದೆರಡು ದಿನ ಒಣಗಿಸಿ, ಪ್ರೈಮರ್, ಬಣ್ಣ, ಕೊನೆಗೆ ವಾರ್ನಿಶ್. ಅಂಚು ಬಿಡಬೇಡಿ, ನೀರು ಒಳಗೆ ಹೋಗೋದು ಅಂಚಿನಿಂದಲೇ.

ಬಿಳಿ ಗಮ್ ಎಲ್ಲಿ ಬೇಡ

ಬೊಂಬೆಯ ಕಾಲನ್ನು ಬೇಸಿಗೆ ಅಂಟಿಸೋಕೆ ಬಿಳಿ ಗಮ್ ಬೇಡ. ರೆಸಿನ್, ಲೋಹ, ಪ್ಲಾಸ್ಟಿಕ್ ಯಾವುದೂ ನೀರು ಕುಡಿಯಲ್ಲ. ಅಲ್ಲಿ ಫೆವಿಕ್ವಿಕ್ ಥರದ ಇನ್‌ಸ್ಟಂಟ್ ಗಮ್. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಜಾತಿ, ಹಾಗಾಗಿ ಮಳೆಗಾಲದಲ್ಲಿ ಬೇಗ ಹಿಡಿಯುತ್ತೆ. ಆದರೆ ತೇವ ಜಾಸ್ತಿ ಇದ್ದಾಗ ಸುತ್ತ ಬಿಳಿ ಮಂಜು ಕೂರೋದೂ ಜಾಸ್ತಿ, ಸ್ವಲ್ಪವೇ ಹಾಕಿ. ಭಾರದ ಬೊಂಬೆಯಾದರೆ ಕಾಲಿಗೆ ಸಣ್ಣ ತಂತಿ ಚುಚ್ಚಿ ಬೇಸಿಗೆ ತೂತು ಮಾಡಿ ನಿಲ್ಲಿಸಿ. ಮೊದಲು ಬೊಂಬೆ ನಿಲ್ಲಿಸಿ ಆಮೇಲೆ ಸುತ್ತ ಮರಳು, ಇದೇ ಕ್ರಮ.

ಅಪ್ಪಯ್ಯನ ಗಲ್ಲೆ ಏನಾಯ್ತು?

ಈಗ ನನ್ನ ತಪ್ಪುಗಳನ್ನು ನೀವೇ ಪಟ್ಟಿ ಮಾಡಬಹುದು. ಹೊಳೆಯುವ ಅಕ್ರಿಲಿಕ್ ಮೇಲೆ ಗೀರದೆ ಹಚ್ಚಿದೆ. ಫುಟ್‌ಪಾತ್ ಎತ್ತರ ಕಾಣಲಿ ಅಂತ ಒಂದೇ ಸಲಕ್ಕೆ ದಪ್ಪ ಸುರಿದೆ. ಮಾರನೇ ದಿನವೇ ಸಮಾರಂಭ ಅಂತ ಹಸಿ ಹಸಿಯಾಗೇ ಬಣ್ಣ ಹಚ್ಚಿ ಬಿಗಿ ಡಬ್ಬಿಯಲ್ಲಿ ಮುಚ್ಚಿದೆ. ಅಪ್ಪಯ್ಯನನ್ನೂ ಅಕ್ರಿಲಿಕ್ಕಿಗೆ ಅಂಟಿಸದೆ ಆ ಹಸಿ ನೆಲದ ಮೇಲೇ ನಿಲ್ಲಿಸಿದ್ದೆ. ಗಮ್ಮಿನದ್ದು ತಪ್ಪಿರಲಿಲ್ಲ. ನಾನು ತಾಳ್ಮೆಯ ಬದಲಿಗೆ ದುಡ್ಡು ಕೊಟ್ಟಿದ್ದೆ.

ಸರಿ ಮಾಡಿದ್ದು ಹೀಗೆ. ಎದ್ದ ಹಾಳೆಯನ್ನು ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಅಪ್ಪಯ್ಯನ ಕಾಲು ಬಿಡಿಸಿಕೊಂಡೆ. ಸಾದಾ ಗಮ್ ನೀರಿಗೆ ಮೆತ್ತಗಾಗುತ್ತೆ ಅನ್ನೋದು ಇಲ್ಲಿ ಉಪಕಾರಕ್ಕೆ ಬಂತು. ಇನ್‌ಸ್ಟಂಟ್ ಗಮ್ ಆಗಿದ್ದರೆ ಬಣ್ಣ ಪೂರ್ತಿ ಹಾಳಾಗಿರೋದು. ಮುಖಕ್ಕೆ ಒಂದು ಹನಿ ನೀರೂ ಬೀಳಲಿಲ್ಲ. ಅಕ್ರಿಲಿಕ್ ಎಸೆದು ಪ್ಲೈವುಡ್ ತುಂಡು ತಂದೆ. ಗಲ್ಲಿಯ ಹಾರ್ಡ್‌ವೇರ್ ಅಂಗಡಿಯ ಬಡಗಿ ಗಮ್ಮಿನ ಸಣ್ಣ ಪ್ಯಾಕು. ಮೊದಲು ಕಾಲಿಗೆ ತಂತಿ ಹಾಕಿ ಅಪ್ಪಯ್ಯನನ್ನು ನಿಲ್ಲಿಸಿದೆ, ಆಮೇಲೆ ಸುತ್ತ ನೆಲ. ಫುಟ್‌ಪಾತಿನ ಎತ್ತರಕ್ಕೆ ಗಮ್ ಸುರಿಯುವ ಬದಲು ಕಾರ್ಕ್ ಹಾಳೆ. ಮೂರು ತೆಳು ಪದರ, ಪ್ರತಿ ಪದರಕ್ಕೆ ಎರಡು ದಿನ. ಒಟ್ಟು ಹತ್ತು ದಿನ ಫ್ಯಾನ್ ಕೆಳಗೆ.

ಅಪ್ಪಯ್ಯ ದಿನಾ ಬಂದು "ಒಣ್ಗಿತಾ?" ಅಂತ ಕೇಳೋರು. ಮೂರನೇ ದಿನ ಬೆರಳು ಹಾಕಿ ನೋಡೋಕೆ ಹೋದರು, ನಾನು ಕೈ ತಡೆದೆ. "ಒಣ್ಗುಕೆ ಬಿಡ್ಕ್ ಅಲ್ದಾ ಅಪ್ಪಯ್ಯಾ" ಅಂದೆ. ನಕ್ಕರು.

ಅದಾದ ಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಡಬ್ಬಿಯಲ್ಲಲ್ಲ, ಟಿವಿ ಪಕ್ಕದಲ್ಲಿ ತೆರೆದೇ ಇದೆ. ಒಂದು ಮರಳ ಕಣ ಎದ್ದಿಲ್ಲ.

ಹಾಗಾದ್ರೆ ಕೊನೆಗೆ ನನ್ನ ಸಲಹೆ ಇಷ್ಟು. ಹತ್ತಾರು ಬೊಂಬೆಗೆ ಸ್ಟೇಷನರಿ ಅಂಗಡಿಯ ಸಾದಾ ಬಾಟಲಿ. ಅದಕ್ಕಿಂತ ಜಾಸ್ತಿ ಇದ್ದರೆ ಬಡಗಿ ಗಮ್ಮಿನ ಸಣ್ಣ ಪ್ಯಾಕ್. "ತೊಳೆಯಬಹುದು" ಅಂತ ಬರೆದದ್ದು ಬೇಡ. ಉಳಿದ ದುಡ್ಡಲ್ಲಿ ಒಳ್ಳೆ ಬ್ರಷ್ ತಗೊಳ್ಳಿ, ಅದು ಕಣ್ಣಿಗೆ ಕಾಣುತ್ತೆ. ಗಮ್ಮಿಗೆ ದುಡ್ಡಿಗಿಂತ ಜಾಸ್ತಿ ಟೈಮ್ ಕೊಡಿ.

ನಿಮ್ಮೂರಲ್ಲಿ ಸಿಗುವ ಗಮ್ಮಿಗೆ ಈ ನಾಲ್ಕು ಪರೀಕ್ಷೆ ಮಾಡಿ ನೋಡಿ, ಏನು ಬಂತು ಅಂತ ನನಗೂ ತಿಳಿಸಿ. ಮಂಗಳೂರು, ಕಾರವಾರದವರು ಖಂಡಿತ ಬರೀರಿ, ನಿಮ್ಮ ಮಳೆ ನಮ್ಮದಕ್ಕಿಂತ ಕಡಿಮೆಯೇನಲ್ಲ. ಮುಂದಿನ ವಾರ ಹುಲ್ಲಿನ ವಿಷಯ: ತೆಂಗಿನ ನಾರು ಮತ್ತು ಹಳೇ ಬ್ರಷ್ಷಿನ ಕೂದಲಿಂದ ಒಣ ಹುಲ್ಲು ಮಾಡೋದು ಹೇಗೆ ಅಂತ. ಅಲ್ಲಿವರೆಗೆ, ನಮಸ್ಕಾರ.